ಭೌತಶಾಸ್ತ್ರದ ಪಾಠವೂ ಪರೀಕ್ಷೆಯೂ: ಹಾರ್ವರ್ಡಿನ ನಲವತ್ತು ಪ್ರಯೋಗಗಳು

ಪೂರ್ವದಲ್ಲಿ ಮಿಥಿಲೆಯ ವಿದ್ಯಾಪೀಠಗಳಲ್ಲಿ ಶಲಾಕಾಪರೀಕ್ಷೆಯೆಂಬ ಪದ್ಧತಿಯಿದ್ದಿತೆಂಬುದು ಪಂಡಿತರಿಗೆ ತಿಳಿದ ವಿಷಯ. ಓಲೆಯ ಕಟ್ಟಿಗೆ ಸೂಜಿಯನ್ನು ಚುಚ್ಚಿ, ಅದರ ಮೊನೆ ತಾಗಿದ ಓಲೆಯ ಅರ್ಥವನ್ನು ವಿದ್ಯಾರ್ಥಿಯು ವಿವರಿಸಬೇಕು. ಗ್ರಂಥವೇ ಆಧಾರವಾದ ಶಾಸ್ತ್ರಗಳಿಗೆ ಈ ಪರೀಕ್ಷೆಯು ತಕ್ಕುದೇ. ಆದರೆ ಪ್ರತ್ಯಕ್ಷವೇ ಮೂಲಪ್ರಮಾಣವಾದ ಭೌತಶಾಸ್ತ್ರದಲ್ಲಿ ಬಲ್ಲವನಾರು, ಬಾಯಿಪಾಠ ಮಾಡಿದವನಾರು ಎಂಬುದನ್ನು ಯಾವ ಶಲಾಕೆಯಿಂದ ಅರಿಯಬೇಕು? ಈ ಪ್ರಶ್ನೆಗೆ ಅಮೆರಿಕದಲ್ಲಿ ದೊರೆತ ಒಂದು ಉತ್ತರವನ್ನು ಇಲ್ಲಿ ಪರಿಶೀಲಿಸುವೆವು.

1869ರಲ್ಲಿ ಹಾರ್ವರ್ಡ್ ವಿದ್ಯಾಲಯದ ಅಧ್ಯಕ್ಷನಾದ ಚಾರ್ಲ್ಸ್ ಎಲಿಯಟ್ ಸ್ವತಃ ರಸಾಯನಶಾಸ್ತ್ರಜ್ಞನು. ಆ ಕಾಲದ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರವೆಂದರೆ ಬಹುಮಟ್ಟಿಗೆ ಪುಸ್ತಕದ ಪಠನವೇ ಆಗಿದ್ದಿತು. ಆದುದರಿಂದ 1886ರಲ್ಲಿ ಹಾರ್ವರ್ಡ್ ಪ್ರವೇಶಪರೀಕ್ಷೆಗೆ ಒಂದು ಹೊಸ ಮಾರ್ಗವನ್ನು ತೆರೆಯಿತು: ವಿದ್ಯಾರ್ಥಿಯು ಶಾಲೆಯಲ್ಲಿ ಸ್ವಹಸ್ತದಿಂದ ನಲವತ್ತು ಪ್ರಯೋಗಗಳನ್ನು ಮಾಡಿರಬೇಕು. ಅವುಗಳ ವಿವರಣಪಟ್ಟಿಯನ್ನು ಸಿದ್ಧಪಡಿಸಿದವನು ಎಡ್ವಿನ್ ಹಾಲ್. 1879ರಲ್ಲಿ ಕಂಡುಹಿಡಿದ ವಿದ್ಯುತ್ಪರಿಣಾಮದಿಂದ ಹೆಸರಾದವನು. ವಿಶಿಷ್ಟಗುರುತ್ವವನ್ನು ಅಳೆಯುವುದೇ ಮೊದಲಾದ ಕೆಲಸಗಳು ಅದರಲ್ಲಿದ್ದುವು. ದುಬಾರಿಯಾದ ಯಂತ್ರಗಳು ಬೇಕಾಗಿರಲಿಲ್ಲ. ಬರೆಹದ ಪರೀಕ್ಷೆಯ ಜೊತೆಗೆ ಪ್ರಯೋಗಶಾಲೆಯ ಪರೀಕ್ಷೆಯೂ, ಉಪಾಧ್ಯಾಯನು ದೃಢೀಕರಿಸಿದ ಪ್ರಯೋಗಪುಸ್ತಕವೂ ವಿದ್ಯಾರ್ಥಿಯ ಯೋಗ್ಯತೆಗೆ ಸಾಕ್ಷಿಯಾದುವು.

ಫಲವು ಬೇಗನೆ ಕಂಡಿತು. ವಿದ್ಯಾಲಯವು ಕೇಳುವುದನ್ನು ಶಾಲೆಯು ಕಲಿಸಲೇಬೇಕಷ್ಟೆ. ಅನೇಕ ಪ್ರೌಢಶಾಲೆಗಳು ಪ್ರಯೋಗಶಾಲೆಗಳನ್ನು ಕಟ್ಟಿದುವು. 1892ರಲ್ಲಿ ಎಲಿಯಟ್ಟನ ಅಧ್ಯಕ್ಷತೆಯಲ್ಲಿ ನೇಮಕವಾದ ‘ಹತ್ತು ಮಂದಿಯ ಸಮಿತಿ’ಗೆ ಅಂಗವಾದ ವಿಜ್ಞಾನಮಂಡಲಿಯು, ಈ ಶಾಸ್ತ್ರಗಳ ಪಾಠಕಾಲದಲ್ಲಿ ಅರ್ಧದಷ್ಟಾದರೂ ಪ್ರಯೋಗಕ್ಕೆ ಮೀಸಲಾಗಬೇಕೆಂದು ಸಲಹೆಯಿತ್ತಿತು.

ಆದರೆ ಅಳೆಯುವುದಕ್ಕೆ ಸುಲಭವಾದುದೇ ಕ್ರಮೇಣ ಪಾಠವಾಯಿತು. ಮನಶ್ಶಾಸ್ತ್ರಜ್ಞನಾದ ಮತ್ತೊಬ್ಬ ಹಾಲ್, ಸ್ಟ್ಯಾನ್ಲಿ ಹಾಲ್ ಎಂಬವನು, ಈ ಪಾಠದಲ್ಲಿ ಅಳತೆ ಲೆಕ್ಕಗಳೇ ತುಂಬಿ ಬಾಲಕರ ಕುತೂಹಲಕ್ಕೆ ಎಡೆಯಿಲ್ಲವಾಯಿತೆಂದು ಆಕ್ಷೇಪಿಸಿದನು. 1906ರ ಸುಮಾರಿಗೆ ಷಿಕಾಗೋವಿನ ಮ್ಯಾನ್ ಮೊದಲಾದವರು ಸುಧಾರಣೆಯ ಚಳವಳಿಯನ್ನೇ ಹೂಡಿದರು. ಸಾರ್ವಜನಿಕ ಪ್ರೌಢಶಾಲೆಗಳ ವಿದ್ಯಾರ್ಥಿಗಳಲ್ಲಿ ಭೌತಶಾಸ್ತ್ರವನ್ನು ಓದುವವರು 1890ರಲ್ಲಿ ಶೇಕಡಾ 23ರಷ್ಟಿದ್ದು, 1910ರಲ್ಲಿ 15ಕ್ಕೆ ಇಳಿದಿದ್ದರು. ಇದನ್ನು ಪಟ್ಟಿಯ ದೋಷವೆಂದೇ ಹೇಳುವುದು ನ್ಯಾಯವಲ್ಲ. ಆ ಅವಧಿಯಲ್ಲಿ ಒಟ್ಟು ವಿದ್ಯಾರ್ಥಿಗಳು ಎರಡು ಲಕ್ಷದಿಂದ ಒಂಬತ್ತು ಲಕ್ಷಕ್ಕೆ ಏರಿದುದರಿಂದ, ಶೇಕಡಾಂಶವು ಕುಗ್ಗಿದರೂ ಓದಿದವರ ಸಂಖ್ಯೆಯು ಹೆಚ್ಚೇ ಆಯಿತು.

ಅಂಕಗಳಾದರೂ ನಂಬತಕ್ಕವೇ? 1913ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು (ಈತನು ಹಾರ್ವರ್ಡಿನವನಲ್ಲ) ರೇಖಾಗಣಿತದ ಒಂದೇ ಉತ್ತರಪತ್ರಿಕೆಯನ್ನು ನೂರಕ್ಕೂ ಮೀರಿದ ಉಪಾಧ್ಯಾಯರಿಂದ ಬೆಲೆಕಟ್ಟಿಸಿದರು. ನೂರಕ್ಕೆ ಮೂವತ್ತಕ್ಕಿಂತ ಕಡಮೆ ಕೊಟ್ಟವರೂ ಇದ್ದರು, ತೊಂಬತ್ತಕ್ಕಿಂತ ಹೆಚ್ಚು ಕೊಟ್ಟವರೂ ಇದ್ದರು. ಸರಿತಪ್ಪುಗಳು ಸ್ಪಷ್ಟವಾಗಿರುವ ಗಣಿತದಲ್ಲಿಯೇ ಹೀಗಾದರೆ, ಕೈಚಳಕವನ್ನೂ ವಿವೇಚನೆಯನ್ನೂ ತೂಗಬೇಕಾದ ಪ್ರಯೋಗದಲ್ಲಿ ಹೇಳತಕ್ಕುದೇನು?

ಈ ಚರಿತ್ರೆಯಿಂದ ತಿಳಿಯಬರುವುದಿಷ್ಟು: ಪರೀಕ್ಷೆಯು ಪಾಠದ ಹಿಂದೆ ಬರುವುದಿಲ್ಲ, ಅದನ್ನು ಮುಂದಿನಿಂದ ಎಳೆಯುತ್ತದೆ. ಪ್ರತ್ಯಕ್ಷವನ್ನು ಪರೀಕ್ಷೆಯೊಳಕ್ಕೆ ತಂದುದು ಹಾರ್ವರ್ಡಿನ ಹಿರಿಮೆ. ಆದರೆ ಮಾಡಬೇಕಾದ ಪ್ರಯೋಗವೂ ಬರಬೇಕಾದ ಫಲವೂ ಮೊದಲೇ ಗೊತ್ತಾಗಿಬಿಟ್ಟರೆ, ಪ್ರತ್ಯಕ್ಷವೂ ಮತ್ತೊಂದು ಬಾಯಿಪಾಠವೇ ಸರಿ. ಶಲಾಕೆಯ ಗುಣವಿದ್ದುದು ಅದು ಯಾವ ಓಲೆಯನ್ನು ಮುಟ್ಟುವುದೆಂದು ಯಾರಿಗೂ ತಿಳಿಯದಿದ್ದುದರಲ್ಲಿ.