ಸ್ತನದ ಏಡಿಗಂತಿಯೂ ಜೀವಕೋಶಗಳ ಬಂಧನವೂ: ಒಂದು ಐತಿಹಾಸಿಕ ಸಮೀಕ್ಷೆ

ವೈದ್ಯಶಾಸ್ತ್ರದ ಇತಿಹಾಸವನ್ನು ವಿಜಯಗಳ ಸರಣಿಯೆಂದು ಬರೆಯುವುದು ವಾಡಿಕೆಯಾಗಿದೆ. ಆದರೆ ಒಂದು ಸಿದ್ಧಾಂತವು ಹೇಗೆ ನೆಲೆಗೊಂಡಿತು, ಅದನ್ನು ಕದಲಿಸಲು ಎಷ್ಟು ಕಾಲ ಹಿಡಿಯಿತು, ಆ ವಿಳಂಬದ ಭಾರವನ್ನು ಹೊತ್ತವರು ಯಾರು ಎಂಬ ಪ್ರಶ್ನೆಗಳೂ ಇತಿಹಾಸಕಾರನಿಗೆ ಸೇರಿದವೇ ಆಗಿವೆ. ಸ್ತನದ ಏಡಿಗಂತಿಯು, ಅಂದರೆ ಕ್ಯಾನ್ಸರ್ ರೋಗವು, ದೇಹದಲ್ಲಿ ಹರಡುವ ಬಗೆಯನ್ನು ಕುರಿತ ಅಭಿಪ್ರಾಯಗಳು ಹೇಗೆ ಮಾರ್ಪಟ್ಟವೆಂಬುದನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟನು ಈ ರೋಗದಿಂದ ಮೃತರಾದ 735 ಮಂದಿಯ ವಿವರಗಳನ್ನು ಕಲೆಹಾಕಿದನು. ಯಕೃತ್ತಿನಲ್ಲಿ ಗಂತಿಗಳು ಮೇಲಿಂದ ಮೇಲೆ ಕಂಡುಬಂದರೆ, ಗುಲ್ಮದಲ್ಲಿ ಅಪರೂಪವಾಗಿದ್ದವು. ಬೀಜ ಎಲ್ಲೆಡೆ ಬಿದ್ದರೂ ಒಪ್ಪುವ ಮಣ್ಣಿನಲ್ಲಿ ಮಾತ್ರ ಮೊಳೆಯುವುದೆಂಬುದು ಅವನ ನಿರ್ಣಯ. ಆದರೆ ಮುಂದಿನ ಹಲವು ದಶಕಗಳಲ್ಲಿ ಚಿಕಿತ್ಸೆಯನ್ನು ಆಳಿದ್ದು ಈ ವಿಚಾರವಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡನು 1894ರಲ್ಲಿ 50 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ರೋಗವು ದುಗ್ಧರಸನಾಳಗಳ ಮಾರ್ಗವಾಗಿ ಹಂತಹಂತವಾಗಿ ಮುಂದುವರಿಯುವುದೆಂದು ನಂಬಿದ ಅವನು, ಸ್ತನದೊಡನೆ ಎದೆಯ ಮಾಂಸಖಂಡಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಾಗಿ ಕತ್ತರಿಸಿ ತೆಗೆಯುತ್ತಿದ್ದನು.

ರೋಗಕೋಶವು ತನ್ನ ನೆರೆಯ ಕೋಶಗಳನ್ನು ಬಿಟ್ಟು ಹೊರಡುವುದಾದರೂ ಹೇಗೆ? ಅಮೆರಿಕದ ಡೇಲ್ ರೆಕ್ಸ್ ಕೋಮನ್ 1944ರಲ್ಲಿ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಳಪಡಿಸಿದನು. ಅಂಟಿಕೊಂಡ ಎರಡು ಕೋಶಗಳನ್ನು ಸೂಕ್ಷ್ಮ ಸೂಜಿಗಳಿಂದ ಎಳೆದು ಬೇರ್ಪಡಿಸಿದಾಗ, ಏಡಿಗಂತಿಯ ಕೋಶಗಳು ಸಹಜ ಕೋಶಗಳಿಗಿಂತ ಸುಲಭವಾಗಿ ಅಗಲಿದವು. ಅವನು ಪರೀಕ್ಷಿಸಿದ ಕೋಶಗಳು ಸ್ತನದವಲ್ಲ. ಆದರೂ ಪ್ರಶ್ನೆಯು ಎಲ್ಲ ಗಂತಿಗಳಿಗೂ ಅನ್ವಯಿಸುವಂಥದು. ಕೋಶಗಳನ್ನು ಬಂಧಿಸುವ ವಸ್ತು ಯಾವುದೆಂಬುದು ಮಾತ್ರ ಅಂದು ತಿಳಿದಿರಲಿಲ್ಲ. ಜಪಾನಿನ ಮಸಾತೋಶಿ ತಾಕೇಯಿಚಿ 1977ರಲ್ಲಿ ಕ್ಯಾಲ್ಸಿಯಂ ಇದ್ದರೆ ಮಾತ್ರ ನಡೆಯುವ ಬಂಧನವೊಂದನ್ನು ಗುರುತಿಸಿದರು. ಅದಕ್ಕೆ ಕಾರಣವಾದ ಪ್ರೋಟೀನಿಗೆ 1984ರಲ್ಲಿ ಕ್ಯಾಡ್‌ಹೆರಿನ್ ಎಂಬ ಹೆಸರು ಬಂದಿತು. 1995ರಲ್ಲಿ ಬೆಲ್ಜಿಯಂ ಮತ್ತು ಹಾಲೆಂಡಿನ ಸಂಶೋಧಕರು, ಸ್ತನದ ಲೋಬ್ಯುಲರ್ ಎಂಬ ಬಗೆಯ ಗಂತಿಗಳಲ್ಲಿ ಈ-ಕ್ಯಾಡ್‌ಹೆರಿನ್ನಿನ ವಂಶವಾಹಿಯೇ ಕೆಟ್ಟಿರುವುದನ್ನು ತೋರಿಸಿದರು. ಈ ಬಗೆಯಲ್ಲಿ ಕೋಶಗಳು ಗುಂಪುಗೂಡದೆ ಒಂದರ ಹಿಂದೊಂದು ಸಾಲಾಗಿ ನುಗ್ಗುವುದರ ಅರ್ಥವು ಇದರಿಂದ ಸ್ಪಷ್ಟವಾಯಿತು.

ಬಂಧನವು ಸಡಿಲವಾದಷ್ಟೂ ರೋಗವು ದೂರ ಹರಡುವುದೆಂಬ ಸೂತ್ರವು ಹೀಗೆ ರೂಢಿಗೆ ಬಂದಿತು. ಆದರೆ 2019ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಿಂದಲೇ ಹೊರಟ ಸಂಶೋಧನೆಯೊಂದು ಅದಕ್ಕೆ ತಡೆಯೊಡ್ಡಿತು. ಹೆಚ್ಚು ಸಾಮಾನ್ಯವಾದ ಡಕ್ಟಲ್ ಬಗೆಯ ಪ್ರಾಯೋಗಿಕ ಮಾದರಿಗಳಲ್ಲಿ ಈ-ಕ್ಯಾಡ್‌ಹೆರಿನ್ ನಾಶವಾದಾಗ ಕೋಶಗಳು ಸುತ್ತಲೂ ಹೆಚ್ಚಾಗಿ ನುಗ್ಗಿದವು, ನಿಜ. ಆದರೆ ಅವು ಬದುಕಿ ಉಳಿದು ದೂರದ ಅಂಗಗಳಲ್ಲಿ ನೆಲೆಸುವುದು ಬಹಳವಾಗಿ ಕುಗ್ಗಿತು. ನುಗ್ಗುವಿಕೆಯೇ ಬೇರೆ, ನೆಲೆಸುವಿಕೆಯೇ ಬೇರೆ ಎಂದಾಯಿತು. ಪ್ಯಾಜೆಟನ ಪ್ರಶ್ನೆಯು ಮತ್ತೆ ಮುಂದೆ ಬಂದಿತೆನ್ನಬಹುದು.

ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಹಾಲ್‌ಸ್ಟೆಡನ ಶಸ್ತ್ರಕ್ರಿಯೆಯನ್ನು ಕಡಮೆ ವಿಸ್ತಾರದ ಚಿಕಿತ್ಸೆಗಳೊಡನೆ ಹೋಲಿಸುವ ಬರ್ನಾರ್ಡ್ ಫಿಷರರ ಪರೀಕ್ಷೆ ಆರಂಭವಾದುದು 1971ರಲ್ಲಿ. ಅದರ 25 ವರ್ಷಗಳ ಫಲಿತಾಂಶ ಪ್ರಕಟವಾದುದು 2002ರಲ್ಲಿ. 1,665 ಸ್ತ್ರೀಯರನ್ನು ಒಳಗೊಂಡ ಆ ಪರೀಕ್ಷೆಯಲ್ಲಿ ದೊಡ್ಡ ಶಸ್ತ್ರಕ್ರಿಯೆಯಿಂದ ಆಯುಸ್ಸು ಹೆಚ್ಚಿದುದು ಕಂಡುಬರಲಿಲ್ಲ. ಈ ನಡುವಣ ದಶಕಗಳಲ್ಲಿ ಎದೆಯ ಮಾಂಸಖಂಡಗಳನ್ನು ಕಳೆದುಕೊಂಡು, ಬಾತುಕೊಂಡ ತೋಳಿನೊಡನೆ ಬಾಳಿದ ಸ್ತ್ರೀಯರ ಹೆಸರುಗಳು ಸಿದ್ಧಾಂತಗಳ ಚರಿತ್ರೆಯಲ್ಲಿ ದೊರೆಯುವುದಿಲ್ಲ. ಹಾಲ್‌ಸ್ಟೆಡನನ್ನು ಇಂದಿನ ಜ್ಞಾನದಿಂದ ಅಳೆದು ದೂಷಿಸುವುದು ನ್ಯಾಯವಲ್ಲ. ಅವನ ಕಾಲದಲ್ಲಿ ಬೇರೆ ಉಪಾಯಗಳು ತೀರ ಕಡಮೆ. ಆದರೆ ಸರಳವಾದ ಸೂತ್ರವೊಂದು ಪರೀಕ್ಷೆಗೆ ಒಳಗಾಗದೆ ಅಧಿಕಾರಕ್ಕೇರಿದಾಗ ಅದರ ಬೆಲೆಯನ್ನು ತೆರುವವರು ರೋಗಿಗಳೇ. ಕ್ಯಾಡ್‌ಹೆರಿನ್ನಿನ ಸೂತ್ರವು ಬಲುಬೇಗ ಪ್ರಶ್ನೆಗೆ ಗುರಿಯಾದುದನ್ನು ಆದಕಾರಣ ನಾವು ಸೋಲೆಂದಲ್ಲ, ಶಾಸ್ತ್ರದ ಆರೋಗ್ಯದ ಲಕ್ಷಣವೆಂದೇ ಭಾವಿಸುತ್ತೇವೆ.