ಪದವಿ ಪಠ್ಯಕ್ರಮದ ನೂರು ವರ್ಷ ಮತ್ತು ಆ ಮೂರು ಗಂಟೆ

ಈಚೆಗೆ ನಮ್ಮ ಕಾಲೇಜಿಗೆ ಬಂದಿದ್ದ ಕಂಪನಿಯೊಂದರ ಅಧಿಕಾರಿ, ‘ನಿಮ್ಮ ಬಿ.ಕಾಂ. ಮಕ್ಕಳಿಗೆ ಕೆಲಸಕ್ಕೆ ಬೇಕಾದ್ದು ಏನೂ ಬರಲ್ಲ, ಸಿಲಬಸ್ ಹಳೇದು’ ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೋದರು. ಇಪ್ಪತ್ತಾರು ವರ್ಷ ಪಾಠ ಮಾಡಿ, ಮೂರು ಅವಧಿ ಬಿಓಎಸ್ (ಅಧ್ಯಯನ ಮಂಡಳಿ) ಸಭೆಗಳಲ್ಲಿ ಕೂತು ಬಂದ ನಾನು ಕಂಡದ್ದು ಬೇರೆ. ಸಿಲಬಸ್ಸನ್ನು ನಾವು ಐದು ವರ್ಷ ನೆಟ್ಟಗೆ ಬಾಳಲು ಬಿಟ್ಟಿಲ್ಲ. ಬದಲಾಗದೆ ಉಳಿದಿರುವುದು ಪ್ರಶ್ನೆಪತ್ರಿಕೆ.

ಹಿಂದಿನ ಕಥೆ ಚಿಕ್ಕದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾಗುವವರೆಗೆ ಇಲ್ಲಿನ ಕಾಲೇಜುಗಳು ಮದ್ರಾಸಿಗೆ ಸೇರಿದ್ದವು. ಹೊಸ ವಿಶ್ವವಿದ್ಯಾನಿಲಯ ಬಂತು, ವರ್ಷದ ಕೊನೆಗೊಂದು ಬರವಣಿಗೆಯ ಪರೀಕ್ಷೆ ಎನ್ನುವ ರೂಢಿ ಹಾಗೇ ಉಳಿಯಿತು. 1948-49ರ ರಾಧಾಕೃಷ್ಣನ್ ಆಯೋಗ ಮೊದಲು ಸರಿಪಡಿಸಬೇಕಾದ್ದು ಪರೀಕ್ಷೆಯನ್ನೇ ಎಂದು ಹೇಳಿತು. 1964-66ರ ಕೊಠಾರಿ ಆಯೋಗ ಆಂತರಿಕ ಮೌಲ್ಯಮಾಪನದ ಪರವಾಗಿ ಮಾತಾಡಿತು. ಈ ನಡುವೆ ಕಲಿಕೆಯ ಮಟ್ಟಗಳನ್ನು ವಿಂಗಡಿಸಿದ ಬೆಂಜಮಿನ್ ಬ್ಲೂಮ್ ಅವರೇ ಭಾರತಕ್ಕೆ ಬಂದು ಕಾರ್ಯಾಗಾರ ನಡೆಸಿ ಹೋದರು. ವರದಿಗಳಿಗೆ ಬೀರು ಸಿಕ್ಕಿತು.

ಒಂದು ಹೆಜ್ಜೆಯನ್ನು ಮಾತ್ರ ನಿಂತು ನೋಡಬೇಕು. 1956ರಿಂದ 60ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಕುವೆಂಪು ಪದವಿ ತರಗತಿಗೆ ಕನ್ನಡ ಮಾಧ್ಯಮ ತರಲು, ಅದಕ್ಕೆ ಬೇಕಾದ ಪಠ್ಯಪುಸ್ತಕ ಬರೆಸಲು ಹಟ ಹಿಡಿದರು. ‘ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ’ ಎಂದು ಈಗ ಸೆಮಿನಾರು ನಡೆಸುವವರ ಸ್ಲೈಡುಗಳಲ್ಲಿ ಈ ಸಂಗತಿ ನನಗೆ ಒಮ್ಮೆಯೂ ಕಂಡಿಲ್ಲ. ಆದರೆ ಆ ಕೆಲಸ ಅರ್ಧಕ್ಕೆ ನಿಂತದ್ದೂ ನಿಜ. ತರಗತಿಯಲ್ಲಿ ನಾನು ‘ಗುಡ್‌ವಿಲ್’ ಎನ್ನುತ್ತೇನೆ, ಅಂಗಡಿಯವರು ‘ಹೆಸರು’ ಎನ್ನುತ್ತಾರೆ, ಪ್ರಶ್ನೆಪತ್ರಿಕೆಯ ಕನ್ನಡ ಭಾಗದಲ್ಲಿ ‘ಕೀರ್ತಿಮೌಲ್ಯ’ ಎಂದು ಅಚ್ಚಾಗಿರುತ್ತದೆ. ಲೆಕ್ಕ ಗೊತ್ತಿರುವ ಹುಡುಗಿ ಪದದ ಮುಂದೆ ತಬ್ಬಿಬ್ಬಾಗುತ್ತಾಳೆ. ಪರೀಕ್ಷೆಯ ಮೂರು ಗಂಟೆಯಲ್ಲಿ ಹತ್ತು ನಿಮಿಷ ಅಲ್ಲೇ ಹೋಯಿತು.

ನಮ್ಮ ತಲೆಮಾರಿನ ಪಾಲಿಗೆ ಬಂದದ್ದು ಸೆಮಿಸ್ಟರ್, ಇಂಟರ್ನಲ್ಸ್, ಆಮೇಲೆ ‘ಕಲಿಕಾ ಫಲಿತಾಂಶ’. 2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮಾನ್ಯತೆಯ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಲವಾದ ಈ ಪದ್ಧತಿ ನಿಧಾನಕ್ಕೆ ನಮ್ಮತ್ತಲೂ ಬಂತು. ಇದರ ಬೇರು ಒಳ್ಳೆಯದೇ. ಏನು ಕಲಿಯಬೇಕು, ಹೇಗೆ ಕಲಿಸುತ್ತೇವೆ, ಹೇಗೆ ಅಳೆಯುತ್ತೇವೆ ಎಂಬ ಮೂರೂ ಒಂದಕ್ಕೊಂದು ಹೊಂದಬೇಕೆಂದು 1996ರಲ್ಲಿ ಜಾನ್ ಬಿಗ್ಸ್ ಬರೆದದ್ದನ್ನು ಓದಿದಾಗ ನನಗೆ ಕಣ್ಣು ತೆರೆದಂತಾಯಿತು. ಇಲ್ಲಿ ಆದದ್ದೆಂದರೆ ‘ತಿಳಿಯುವುದು’ ಎಂದಿದ್ದ ಕಡೆ ‘ವಿಶ್ಲೇಷಿಸುವುದು’ ಎಂದು ಟೈಪು ಮಾಡಿದೆವು. ಕಾಲೇಜಿಗೆ ಮಾನ್ಯತೆ ನೀಡುವ ನ್ಯಾಕ್ ತಂಡ ಬರುವ ಹಿಂದಿನ ರಾತ್ರಿ ಎಕ್ಸೆಲ್ಲಿನಲ್ಲಿ ತುಂಬುವ ಆ ಕೋಷ್ಟಕಗಳಿಗಿಂತ ನಯವಾದ ಕಥಾಸಾಹಿತ್ಯ ನಮ್ಮ ಕಾಲೇಜುಗಳಲ್ಲಿ ಇನ್ನೊಂದಿಲ್ಲ. ಪ್ರಶ್ನೆ ಮಾತ್ರ ಅದೇ: ‘ಜಿಎಸ್‌ಟಿಯ ಲಕ್ಷಣಗಳನ್ನು ವಿವರಿಸಿ.’ ಉತ್ತರ ಗೈಡಿನಲ್ಲಿದೆ.

ಆ ದಿನಗಳಲ್ಲೇ ನಾವು ನಾಲ್ಕೈದು ಮೇಷ್ಟ್ರುಗಳು ಇಂಟರ್ನಲ್ಸ್ ಅಂಕಗಳನ್ನು ಬೇರೆ ರೀತಿ ಬಳಸಿ ನೋಡಿದೆವು. ಪ್ರತಿ ವಿದ್ಯಾರ್ಥಿಯೂ ತನ್ನ ಬೀದಿಯ ಕಿರಾಣಿ ಅಂಗಡಿಯೊಂದರ ಒಂದು ತಿಂಗಳ ಲೆಕ್ಕ ಮಾಡಿ ತರಬೇಕು. ಬರೆದಾದರೂ ಒಪ್ಪಿಸಬಹುದು, ಬಾಯಲ್ಲಾದರೂ, ಯಾವ ಭಾಷೆಯಲ್ಲಾದರೂ. ದೃಷ್ಟಿ ತೀರಾ ಮಂದವಿದ್ದ ಒಬ್ಬಳು ವಿದ್ಯಾರ್ಥಿನಿ ಅಂಗಡಿಯವರಿಂದ ಉದ್ರಿ ಪುಸ್ತಕ ಓದಿಸಿಕೊಂಡು ಬಂದಳು. ಬಾಕಿಯನ್ನು ಅವಳು ಮೂರು ಭಾಗ ಮಾಡಿದ್ದಳು: ಹಬ್ಬದ ಮುಂದೆ ಬರುವುದು, ರಾಗಿ ಮಾರಿದ ಮೇಲೆ ಬರುವುದು, ಊರು ಬಿಟ್ಟವರದು. ‘ಮೂರನೇದಕ್ಕೆ ಮಾತ್ರ ಪ್ರಾವಿಷನ್ ಸಾಕು ಸಾರ್, ಎರಡನೇದು ತಡ ಆದ್ರೂ ಬರುತ್ತೆ’ ಎಂದಳು. ಸಂಶಯಾಸ್ಪದ ಸಾಲದ ಬಗ್ಗೆ ಅಷ್ಟು ಚೆನ್ನಾಗಿ ನಾನೂ ಪಾಠ ಮಾಡಿರಲಿಲ್ಲ. ತರಗತಿಗೇ ಹೆಚ್ಚಿನ ಅಂಕ ಅವಳಿಗೆ ಬಂತು. ಬೆಳಗಿನ ಜಾವ ಪೇಪರ್ ಹಾಕಿ ಕಾಲೇಜಿಗೆ ಬರುತ್ತಿದ್ದ ಹುಡುಗನಿಗೂ, ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚು ಹಿಡಿದಿದ್ದವರಿಗೂ ಅದೇ ಏರ್ಪಾಟು ಅನುಕೂಲವಾಯಿತು. ಯಾರಿಗೂ ವಿನಾಯಿತಿ ಕೊಟ್ಟಿರಲಿಲ್ಲ.

ಸೆಮಿಸ್ಟರ್ ಪರೀಕ್ಷೆಯಲ್ಲಿ ಅದೇ ಹುಡುಗಿ ಕಷ್ಟಪಟ್ಟು ಪಾಸಾದಳು. ಅವಳ ಉತ್ತರ ಬರೆದುಕೊಟ್ಟದ್ದು ಕಲಾ ವಿಭಾಗದ ಪಿಯು ವಿದ್ಯಾರ್ಥಿನಿ. ಲೆಡ್ಜರಿನ ಎಡಬಲ ಆ ಮಗುವಿಗೆ ಗೊತ್ತಿರಲಿಲ್ಲ.

ಕಾನೂನು ಸುಮ್ಮನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ 21 ಬಗೆಗಳನ್ನು ಗುರುತಿಸಿ ಉನ್ನತ ಶಿಕ್ಷಣದಲ್ಲಿ ಶೇ. 5ರಷ್ಟು ಮೀಸಲಾತಿ ಹೇಳಿತು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಟ್ಟಿತು. ಆದರೆ ಅಭ್ಯರ್ಥಿ ತಾನೇ ಕರೆತರುವ ಬರಹಗಾರರ ಓದು ಒಂದು ಮೆಟ್ಟಿಲು ಕೆಳಗಿರಬೇಕು ಎಂದೂ ಹೇಳಿತು. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರಹಗಾರರ ನೆರವನ್ನು ಶೇ. 40ರಷ್ಟು ಅಂಗವೈಕಲ್ಯದ ಗಡಿ ದಾಟಿದವರಿಗೆ ಮಾತ್ರ ಸೀಮಿತಗೊಳಿಸಬಾರದೆಂದಿತು. ಇವೆಲ್ಲ ಬೇಕಾದವೇ. ಆದರೂ ಅದೇ ಮೂರು ಗಂಟೆಯನ್ನು ನಾಲ್ಕು ಮಾಡುವುದೇ ಒಳಗೊಳ್ಳುವಿಕೆ ಎಂದು ಕಾಲೇಜುಗಳು ಅರ್ಥ ಮಾಡಿಕೊಂಡಿವೆ.

ಮುಂದಿನದು ಎಲ್ಲರಿಗೂ ನೆನಪಿದೆ. 2021-22ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ, ಕೌಶಲದ ಪೇಪರುಗಳು, ‘ಡಿಜಿಟಲ್ ಫ್ಲುಯೆನ್ಸಿ’ ಬಂದವು. ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆಯದೆಯೇ ಅದರಲ್ಲಿ ಪಾಸಾದ ಮಕ್ಕಳನ್ನು ನಾನು ಬಲ್ಲೆ. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ, ತನ್ನದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯಂತೆ, ಮತ್ತೆ ಮೂರು ವರ್ಷಕ್ಕೆ ಮರಳಿತು. ವರ್ಷ ಮೂರೋ ನಾಲ್ಕೋ ಎಂದು ಪತ್ರಿಕೆಗಳಲ್ಲಿ ಪುಟಗಟ್ಟಲೆ ಚರ್ಚೆಯಾಯಿತು. ಅದೇ ಹೊತ್ತಿಗೆ ನಮ್ಮಲ್ಲಿ ಇಂಟರ್ನಲ್ಸ್ 40 ಅಂಕದಿಂದ 20ಕ್ಕೆ ಇಳಿದದ್ದನ್ನು ಯಾರೂ ಗಮನಿಸಲಿಲ್ಲ. ಇಂಟರ್ನಲ್ಸ್ ಅಂಕ ಧಾರಾಳವಾಗಿ ಹಂಚಿ ನಂಬಿಕೆ ಕಳೆದುಕೊಂಡವರು ನಾವೇ ಎಂಬುದನ್ನೂ ಹೇಳಬೇಕು.

ಎರಡು ಟೆಸ್ಟಿಗೆ ಹತ್ತು, ಅಸೈನ್‌ಮೆಂಟಿಗೆ ಐದು, ಹಾಜರಿಗೆ ಐದು. ಇಪ್ಪತ್ತು ಅಲ್ಲಿಗೆ ಮುಗಿಯಿತು. ಕಿರಾಣಿ ಅಂಗಡಿಯ ಕೆಲಸವನ್ನು ನಾವು ಕೈಬಿಟ್ಟಿದ್ದೇವೆ. ಬಿಓಎಸ್‌ನಲ್ಲಿರುವ ಗೆಳೆಯರಲ್ಲಿ ಒಂದು ಕೋರಿಕೆ: ಮುಂದಿನ ಸಭೆಗೆ ಸಿಲಬಸ್ ಕರಡಿನ ಜೊತೆ ಹೋದ ವರ್ಷದ ಪ್ರಶ್ನೆಪತ್ರಿಕೆಯನ್ನೂ ಒಯ್ಯಿರಿ. ಮೊದಲು ಅದನ್ನು ಮೇಜಿನ ಮೇಲಿಡಿ.