ಚಂದ್ರವಳ್ಳಿಯ ಕೆರೆ, ನುಲೇನೂರಿನ ಹಗ್ಗ

ಚಿತ್ರದುರ್ಗದ ಕೋಟೆಯ ಬೆನ್ನಿಗೆ, ಗುಡ್ಡಗಳ ನಡುವಿನ ಕಣಿವೆಯಲ್ಲಿ ಚಂದ್ರವಳ್ಳಿ ಇದೆ. ಅಲ್ಲಿಗೆ ಬರುವ ಸದ್ಭಕ್ತರು ಬಹುಮಟ್ಟಿಗೆ ಅಂಕಲಿ ಮಠದ ನೆಲದಡಿಯ ಗುಹೆಗಳನ್ನು ಹೊಕ್ಕು, ಕತ್ತಲೆಯ ಕೋಣೆಗಳಲ್ಲಿ ಕೈಮುಗಿದು ಹೊರಬರುತ್ತಾರೆ. ತಪಸ್ವಿಗಳು ಕುಳಿತಿದ್ದ ಎಡೆ ಇದೆಂದು ಪ್ರತೀತಿ. ಗುಹೆಯಿಂದ ಹೊರಬಂದವರ ಕಣ್ಣಿಗೆ ಕೆರೆಯ ನೀರು ಬೀಳುತ್ತದೆ. ಭೈರವೇಶ್ವರ ಗುಡಿಯ ಬಳಿಯ ಹೆಬ್ಬಂಡೆಯ ಮೇಲೆ ಕೆರೆಯೊಂದರ ನಿರ್ಮಾಣವನ್ನು ಹೇಳುವ ಶಾಸನವೂ ಇದೆ. ಆದರೆ ಆ ಬಂಡೆಯ ಮುಂದೆ ನಿಲ್ಲುವವರು ಕಡಿಮೆ.

ಶಾಸನ ಕದಂಬರ ಮಯೂರಶರ್ಮನದು. ಕ್ರಿ.ಶ. 4ನೆಯ ಶತಮಾನದ್ದು, ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಕೆಲವೇ ಸಾಲು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರ ಹೊತ್ತಿಗೆ ಇದನ್ನು ಓದಿ, ತ್ರೈಕೂಟ, ಆಭೀರ, ಪಲ್ಲವ, ಪುನ್ನಾಟ ಮೊದಲಾದವರ ಹೆಸರುಗಳನ್ನು ಗುರುತಿಸಿದರು. ಮಯೂರನು ಸೋಲಿಸಿದವರ ಪಟ್ಟಿ ಅದೆಂದು ಅವರ ಅಭಿಪ್ರಾಯ. ಮುಂದಿನ ವಿದ್ವಾಂಸರು ಈ ಓದನ್ನು ಪ್ರಶ್ನಿಸಿದರು. ಅಕ್ಷರಗಳು ಸವೆದಿವೆ, ಹೆಸರುಗಳ ಕುರಿತ ವಾದ ಮುಗಿದಿಲ್ಲ. ಆದರೆ ‘ತಟಾಕ’ ಎಂಬ ಮಾತಿನ ಬಗ್ಗೆ ಜಗಳವಿಲ್ಲ. ಗೆದ್ದ ರಾಜ್ಯಗಳ ಹೆಸರು ಮಸುಕಾಗಿ, ಕಟ್ಟಿಸಿದ ಕೆರೆಯ ಹೆಸರು ಮಾತ್ರ ನಿಚ್ಚಳವಾಗಿ ಉಳಿದದ್ದು ಆಕಸ್ಮಿಕವೇ ಇರಬಹುದು. ಆದರೂ ಬಂಡೆಯ ಮುಂದೆ ನಿಂತವರಿಗೆ ಅದು ಆಕಸ್ಮಿಕವೆಂದು ತೋರುವುದಿಲ್ಲ.

ಇತ್ತೀಚೆಗೆ ಮಠಗಳಿಗೆ ಬರುವ ಹಿರಿಯರ ಬಾಯಲ್ಲಿ ಒಂದು ಅಳಲು ಪದೇಪದೇ ಕೇಳಿಬರುತ್ತದೆ. ಮಗ ಓದಿ ದೂರದ ಊರು ಸೇರಿದ, ಇಷ್ಟಲಿಂಗ ಪೂಜೆ ಬಿಟ್ಟ, ದೇವರಿಲ್ಲ ಎನ್ನುತ್ತಾನೆ. ಅವನ ಬಾಳು ಬರಿದಾಯಿತೆ? ತಾಯಿಯೊಬ್ಬಳು ಹೀಗೆ ಕೇಳಿದಾಗ ಅದು ತರ್ಕದ ಪ್ರಶ್ನೆಯಲ್ಲ, ಕರುಳಿನ ಪ್ರಶ್ನೆ. ‘ಹೌದು’ ಎಂದು ಬೆದರಿಸುವುದೂ, ‘ಎಲ್ಲವೂ ಒಂದೇ’ ಎಂದು ಸವರುವುದೂ ಅವಳಿಗೆ ಮಾಡುವ ನ್ಯಾಯವಲ್ಲ. ಈ ಪ್ರಶ್ನೆ ಇಂದು ಹುಟ್ಟಿದ್ದೂ ಅಲ್ಲ. ಚಿತ್ರದುರ್ಗದ ನೆಲ ಇದನ್ನು ಬಹುಕಾಲದಿಂದ ಕಂಡಿದೆ.

ಚಂದ್ರವಳ್ಳಿಯಲ್ಲಿ ನಡೆದ ಉತ್ಖನನಗಳಲ್ಲಿ ಶಾತವಾಹನರ ಸೀಸದ ನಾಣ್ಯಗಳೂ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ದೊರೆತಿವೆ. ಬೇರೆ ದೇಶದ, ಬೇರೆ ದೇವರುಗಳ ಜನರ ನಾಣ್ಯ ಈ ಕಣಿವೆಯವರೆಗೆ ನಡೆದುಬಂದಿತ್ತು. 1947ರಲ್ಲಿ ಇಲ್ಲಿ ಅಗೆಸಿದ ಮಾರ್ಟಿಮರ್ ವೀಲರ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ಅಲ್ಲಿರುವುದು ಅಶೋಕನ ಶಾಸನ, ಕ್ರಿ.ಪೂ. 3ನೆಯ ಶತಮಾನದ್ದು, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದದ್ದು. ತಾಯಿತಂದೆಯರ ಸೇವೆ, ಜೀವಿಗಳಲ್ಲಿ ದಯೆ, ಸತ್ಯನುಡಿ, ಗುರುವಿನಲ್ಲಿ ಗೌರವ: ಅದು ಧರ್ಮವೆಂದು ಹೇಳುವುದು ಇಷ್ಟನ್ನೇ. ಇದನ್ನು ಓದಿ ‘ದೇವರಿಲ್ಲದ ಧರ್ಮ’ ಎಂದು ಹಿಗ್ಗುವವರಿದ್ದಾರೆ. ಅವರು ಆ ಶಾಸನದ ಮೊದಲ ಭಾಗವನ್ನೂ ಓದಬೇಕು. ಅಲ್ಲಿ ದೇವತೆಗಳ ಮಾತಿದೆ. ಹಿರಿಯನಷ್ಟೇ ಅಲ್ಲ, ಕಿರಿಯನೂ ಪ್ರಯತ್ನದಿಂದ ಸ್ವರ್ಗ ಪಡೆಯಬಲ್ಲನೆಂಬ ಭರವಸೆಯಿದೆ. ನಡತೆಯನ್ನು ಹೇಳುವಾಗ ದೇವರನ್ನು ಕರೆಯದ ದೊರೆ, ಆಸೆಯನ್ನು ಹುಟ್ಟಿಸುವಾಗ ಸ್ವರ್ಗವನ್ನು ಕರೆದ.

ಇದಕ್ಕಿಂತ ಆಳವಾದ ಪ್ರಸಂಗ ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ್ದು. ಕಲ್ಯಾಣದ ಶರಣರಲ್ಲಿ ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಜಂಗಮ ದಾಸೋಹ ನಡೆಸುತ್ತಿದ್ದವರು. ಕಲ್ಯಾಣ ಚದುರಿದ ಮೇಲೆ ಅವರು ನುಲೇನೂರಿಗೆ ಬಂದು ಅಲ್ಲಿಯೇ ಲಿಂಗೈಕ್ಯರಾದರೆಂದು ಪರಂಪರೆ ಹೇಳುತ್ತದೆ. ಶೂನ್ಯಸಂಪಾದನೆಯಲ್ಲಿ ಅವರದೊಂದು ಕಥೆ ಬರುತ್ತದೆ. ಒಮ್ಮೆ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಚಂದಯ್ಯನವರು ಕೆಲಸ ನಿಲ್ಲಿಸಲಿಲ್ಲ, ಲಿಂಗವನ್ನು ಎತ್ತಿಕೊಳ್ಳಲೂ ಇಲ್ಲ. ಹೊರೆ ಹೊತ್ತು ನಡೆದೇ ಬಿಟ್ಟರು. ಲಿಂಗವೇ ಬೆನ್ನು ಹತ್ತಿ ಬಂದು ಅಂಗಲಾಚಿತು. ಅವರು ಒಪ್ಪಲಿಲ್ಲ. ಕೊನೆಗೆ ಮಡಿವಾಳ ಮಾಚಿದೇವರು ನಡುವೆ ಬಂದು ಪಂಚಾಯಿತಿ ಮಾಡಬೇಕಾಯಿತು. ಲಿಂಗಕ್ಕೂ ಒಂದು ಕಾಯಕ ಬಿತ್ತು: ಚಂದಯ್ಯನವರು ಹೊಸೆದ ಹಗ್ಗವನ್ನು ಮಾರಿಬರುವುದು!

ಇಲ್ಲಿ ನಗು ಬರದವರು ಕಥೆಯನ್ನು ಸರಿಯಾಗಿ ಕೇಳಿಲ್ಲ. ಆದರೆ ನಗುವಿನ ಒಳಗೆ ಕಠಿಣವಾದ ಮಾತಿದೆ. ದುಡಿಯುವ ಕೈಯನ್ನು ಲಿಂಗವೂ ತಡೆಯಲಾಗದೆಂದು ಶರಣರೊಬ್ಬರು ನಡೆದು ತೋರಿಸಿದರು. ಅದನ್ನು ಶರಣ ಸಮೂಹ ಅಪಚಾರವೆಂದು ಅಳಿಸಿಹಾಕದೆ ತನ್ನ ಗ್ರಂಥದಲ್ಲಿ ಇರಿಸಿಕೊಂಡಿತು. ಆಯ್ದಕ್ಕಿ ಮಾರಯ್ಯನವರ ನಿಲುವೂ ಇದಕ್ಕೆ ಹತ್ತಿರದ್ದೇ. ಹಾಗಿರುವಾಗ, ಪೂಜೆ ಬಿಟ್ಟ ಮಗನು ಪ್ರಾಮಾಣಿಕವಾಗಿ ದುಡಿದು, ನಾಲ್ವರಿಗೆ ಹಂಚಿ ಬದುಕುತ್ತಿದ್ದರೆ, ಅವನ ಬಾಳಿಗೆ ಅರ್ಥವಿಲ್ಲವೆಂದು ತೀರ್ಪು ಕೊಡುವ ಅಧಿಕಾರ ಯಾರಿಗಿದೆ?

ಅಂಥ ಬಾಳೊಂದನ್ನು ಕನ್ನಡ ನಾಡು ಹತ್ತಿರದಿಂದ ಕಂಡಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು, ಅಮೆರಿಕದಲ್ಲಿ ಭೌತವಿಜ್ಞಾನದ ಸಂಶೋಧನೆ ಮಾಡಿ ಮರಳಿದವರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ ಅನೇಕ ಆಸ್ತಿಕರ ಕೋಪಕ್ಕೆ ಗುರಿಯಾದರು. ಖಾದಿ ತೊಟ್ಟು, ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿ ನಿಲಯದ ಕೋಣೆಯೊಂದರಲ್ಲಿಯೇ ಬಾಳು ಸವೆಸಿ, 2005ರ ಜನವರಿ 31ರಂದು ತೀರಿಕೊಂಡರು. ಎಷ್ಟೋ ವಿರಕ್ತರಿಗೂ ಸಾಧ್ಯವಾಗದ ಸರಳತೆ ಅದು. ಕೆಲವರು ಪ್ರೀತಿಯಿಂದಲೇ ಅಂಥವರನ್ನು ‘ಒಳಗೊಳಗೆ ಭಕ್ತರು’ ಎನ್ನುವುದುಂಟು. ಇದು ಸಲ್ಲದು. ನಂಬದವರು ನಂಬುವುದಿಲ್ಲವೆಂದೇ ಬಾಳಿದರು. ಅದನ್ನು ಹಾಗೆಯೇ ಗೌರವಿಸುವುದು ಸತ್ಯಕ್ಕೆ ಹತ್ತಿರ. ಶಕುನ, ಪಂಚಾಂಗಗಳ ಭಯವನ್ನು ಧಿಕ್ಕರಿಸಿದ ಬಸವಣ್ಣನವರ ಅನುಯಾಯಿಗಳಿಗೆ ಪವಾಡವನ್ನು ಪರಿಶೀಲಿಸಿದವರ ಮೇಲೆ ಮುನಿಸೂ ತರವಲ್ಲ.

ಆದರೆ ಚಂದಯ್ಯನವರ ಕಥೆ ಲಿಂಗವನ್ನು ನೀರಿನಲ್ಲಿಯೇ ಬಿಟ್ಟು ಮುಗಿಯುವುದಿಲ್ಲ. ಬಿಟ್ಟವನನ್ನು ಅದು ಹುಡುಕಿಕೊಂಡು ಬರುತ್ತದೆ. ಕಾಯಕವೊಂದೇ ಸಾಕೆನ್ನುವವರು ಈ ಅರ್ಧವನ್ನು ಮರೆಯುತ್ತಾರೆ. ಕೈಕಾಲು ಗಟ್ಟಿಯಿರುವವನಿಗೆ ಕೆಲಸವೇ ಬಾಳಿನ ಅರ್ಥವಾಗಬಹುದು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ರೈತನಿಗೆ, ಮಗುವನ್ನು ಕಳೆದುಕೊಂಡು ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದ ಹೆಂಗಸಿಗೆ ಏನು ಉಳಿಯಿತು? ಅವರು ಹಗ್ಗ ಹೊಸೆಯಲಾರರು, ಕೆರೆ ಕಟ್ಟಿಸಲಾರರು. ಅಂಥವರ ಅಂಗೈಯ ಮೇಲೆ ಇಷ್ಟಲಿಂಗವಿದ್ದರೆ, ಏನನ್ನೂ ಮಾಡಲಾಗದ ಹೊತ್ತಿನಲ್ಲಿಯೂ ತಾನು ಬೇಡವಾದವನಲ್ಲ ಎಂಬ ಅರಿವು ಅವರಿಗೆ ದೊರೆಯುತ್ತದೆ. ಭಕ್ತರ ಅನುಭವ ಇದು. ವಾದದಿಂದ ಸಾಧಿಸುವ ವಿಷಯವಲ್ಲ. ನಂಬದವರಿಗೂ ಆ ಹೊತ್ತಿನಲ್ಲಿ ಕೈಹಿಡಿಯುವ ಗೆಳೆಯರಿರಬಹುದು, ಶಿಷ್ಯರಿರಬಹುದು. ಯಾರೂ ಇಲ್ಲದವರ ಬಳಿಗೆ ಹೋಗಿ ಕೂರುವುದು ನಂಬಿದವರ ಪಾಲಿಗೆ ಬಿದ್ದ ಕಾಯಕ. ಅಲ್ಲಿ ಕುಳಿತವರು ರೋಗಿಯ ಕೊರಳಿನಲ್ಲಿ ಕರಡಿಗೆ ಇದೆಯೇ ಎಂದು ಮೊದಲು ನೋಡಬೇಕಾಗಿಲ್ಲ.

ಅಳುತ್ತ ಬಂದ ತಾಯಿಗೆ ನುಲೇನೂರಿನ ದಾರಿ ತೋರಿಸಬಹುದು. ಚಿತ್ರದುರ್ಗದಿಂದ ಅದು ದೂರವೇನಲ್ಲ. ಮಗನನ್ನೂ ಜೊತೆಗೆ ಕರೆದೊಯ್ಯಲಿ. ಅವನು ಕೈಮುಗಿಯದಿದ್ದರೂ ನಡೆಯುತ್ತದೆ, ಹಗ್ಗದ ಕಥೆ ಕೇಳಿದರೆ ಸಾಕು.